ನಾಲ್ಕು ಸಣ್ಣ ಎಲೆ, ಒಂದು ಮಣೆ

ನನಗೆ ಇಸ್ಪೀಟು ಆಡಲು ಬರುತ್ತದೆ ಎಂದು ಗೊತ್ತಾದರೆ ನಮ್ಮ ಶಾಲೆಯ ಹೆಡ್‌ಮಾಸ್ತರರು ಎರಡು ದಿನ ಊಟ ಬಿಟ್ಟಾರು. ಬಿಡಲಿ. ಅಂಕೋಲೆಯಲ್ಲಿ ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸುತ್ತಿರುವ ಈ ಜಯಂತಿ ಟೀಚರು ಹನ್ನೊಂದನೇ ವಯಸ್ಸಿಗೇ ಎಲೆ ಹಿಡಿದವಳು. ಹಿಡಿಸಿದವನು ನನ್ನ ದೊಡ್ಡಣ್ಣ ರಾಮನಾಥ. ನಮಗೆಲ್ಲ ಅವನು ದಾದಾ. ಮೂವತ್ತು ವರ್ಷ ಹಡಗುಗಳಲ್ಲಿ ಅಡುಗೆ ಮಾಡಿದ, ಹೋದ ವರ್ಷ, ೨೦೦೮ರ ಗಣಪತಿ ಚವತಿ ಮುಗಿದು ತಿಂಗಳಾಗುವಷ್ಟರಲ್ಲಿ ತೀರಿಕೊಂಡ. ಅವನ ಬಗ್ಗೆ ಬರೆಯಿರಿ ಎಂದು ನನ್ನನ್ನು ಯಾರೂ ಕೇಳಿಲ್ಲ. ಆದರೆ ಅವನು ನನಗೆ ಮಾಡಿದ ಒಂದು ಮೋಸ ಅವನು ಹೋದ ಮೇಲೆ ಗೊತ್ತಾಗಿದೆ, ಅದನ್ನು ಬರೆಯದೆ ನನಗೆ ಸಮಾಧಾನವಿಲ್ಲ.

ನಮ್ಮ ಮನೆ ಕಾರವಾರದ ಹತ್ತಿರ ಅರ್ಗಾದಲ್ಲಿತ್ತು. ಈಗ ಅಲ್ಲಿ ನೌಕಾನೆಲೆಯ ಗೋಡೆ ಇದೆ. ನಾವು ಮೂವರು: ದಾದಾ, ಅವನಿಗಿಂತ ಏಳು ವರ್ಷ ಸಣ್ಣವನು ಸತೀಶಣ್ಣ, ಅವನಿಗಿಂತ ಆರು ವರ್ಷ ಸಣ್ಣವಳು ನಾನು. ದಾದಾ ಇಪ್ಪತ್ತೆರಡಕ್ಕೆ ಹಡಗು ಹತ್ತಿದ. ವರ್ಷಕ್ಕೊಮ್ಮೆ ರಜೆಯಲ್ಲಿ ಬರುವಾಗ ಬೇರೆಯವರ ಅಣ್ಣಂದಿರು ರೇಡಿಯೊ ತರುತ್ತಿದ್ದರು, ವಾಚು ತರುತ್ತಿದ್ದರು. ನಮ್ಮ ದಾದಾ ಒಂದು ಸಲ ತಗಡಿನ ಬಿಸ್ಕೀಟು ಡಬ್ಬಿಯಲ್ಲಿ ಒಂದು ಕಟ್ಟು ಇಸ್ಪೀಟು ತಂದ. ಎಲೆಯ ಬೆನ್ನ ಮೇಲೆ ನೀಲಿ ಹಡಗಿನ ಚಿತ್ರ. ನಮ್ಮ ತಾಯಿ, ಆಯಿ, ನೋಡಿದವಳೇ, "ಅಯ್ಯೋ, ಜೂಜು ಮನೆಗೆ ಬಂತು" ಎಂದು ಹಣೆ ಬಡಿದುಕೊಂಡಳು.

"ಆಯಿ, ಇದು ಜೂಜಲ್ಲ. ಇದು ಬೇರೆ," ಎಂದ ದಾದಾ. ಅವನು ಎಷ್ಟು ಮೆತ್ತಗೆ ಮಾತಾಡುತ್ತಿದ್ದ ಎಂದರೆ ಅವನ ಜೊತೆ ಜಗಳ ತೆಗೆಯಲು ನಾವೇ ಗಂಟಲು ಹರಿದುಕೊಳ್ಳಬೇಕಿತ್ತು.

ಆ ಆಟವನ್ನು ಅವನಿಗೆ ಹಡಗಿನಲ್ಲಿ ಕೊರಿಯಾದವನೊಬ್ಬ ಕಲಿಸಿದ್ದಂತೆ. ನಿಜವಾದ ಹೆಸರು ಬಾದುಗಿ. ನಮ್ಮ ಮನೆಯಲ್ಲಿ ಅದಕ್ಕೆ ಸಣ್ಣೆಲೆ ಎಂದೇ ಹೆಸರು ಬಿತ್ತು, ಏಕೆಂದರೆ ಅದರಲ್ಲಿ ಸಣ್ಣ ಎಲೆ ಇದ್ದವರೇ ಗೆಲ್ಲುವುದು. ಊರಿನಲ್ಲಿ ಚವತಿಗೆ, ದೀಪಾವಳಿಗೆ ಗಂಡಸರು ಆಡುತ್ತಿದ್ದ ಮೂರೆಲೆಗೂ ಇದಕ್ಕೂ ಪೂರ್ತಿ ಉಲ್ಟಾ. ಅಲ್ಲಿ ರಾಜ ಬಂದರೆ ಮೀಸೆ ತಿರುವುತ್ತಾರೆ, ಇಲ್ಲಿ ರಾಜ ಬಂದರೆ ಮುಖ ಹುಳ್ಳಗಾಗುತ್ತದೆ. ಅಲ್ಲಿ ಎಕ್ಕಾ ಎಲ್ಲಕ್ಕಿಂತ ದೊಡ್ಡದು, ಇಲ್ಲಿ ಎಲ್ಲಕ್ಕಿಂತ ಸಣ್ಣದು.

ಜಗಲಿಯ ಮೇಲೆ ನಮ್ಮಿಬ್ಬರನ್ನು ಕೂರಿಸಿಕೊಂಡು ದಾದಾ ಕಲಿಸಿದ ರೀತಿ ನನಗೆ ಇವತ್ತಿಗೂ ಬಾಯಿಪಾಠ.

"ನಾಲ್ಕು ಜನ ಊಟಕ್ಕೆ ಕೂತಾರೆ ಅಂತ ತಿಳ್ಕೊಳ್ಳಿ. ಇಸ್ಪೀಟು, ಆಟೀನು, ಡೈಮನ್, ಕಳಾವರ, ಇವು ನಾಲ್ಕು ಮನೆ. ಒಂದೊಂದು ಮನೆಯಿಂದ ಒಬ್ಬನೇ ಬರ್ಬೇಕು. ಒಂದೇ ಮನೆಯವ್ರು ಇಬ್ರು ಬಂದ್ರೆ ಒಬ್ಬ ಎದ್ದು ಹೋಗ್ಬೇಕು. ಒಂದೇ ವಯಸ್ಸಿನವ್ರು ಇಬ್ರು ಇದ್ರೂ ಒಬ್ಬ ಏಳ್ಬೇಕು. ಕಡೆಗೆ ನಾಲ್ಕು ಮನೆಯ ನಾಲ್ಕು ಸಣ್ಣ ಮಕ್ಳು ಪಂಕ್ತಿಲಿ ಉಳದ್ರೆ ನೀವು ಗೆದ್ದಾಂಗೆ."

ಅಷ್ಟೇ ಆಟ. ಹಂಚುವವನು ಯಾವಾಗಲೂ ದಾದಾ, ಕೈಗೆ ನಾಲ್ಕು ಎಲೆ ಬರುತ್ತವೆ. ಬೇಡದ್ದನ್ನು ಬಿಸಾಕಿ ಅಷ್ಟೇ ಹೊಸ ಎಲೆ ಕೇಳಬಹುದು. ಹೀಗೆ ಮೂರು ಸಲ. ಒಂದನ್ನಾದರೂ ಬದಲಿಸಬಹುದು, ನಾಲ್ಕನ್ನೂ ಬದಲಿಸಬಹುದು, ಏನೂ ಬೇಡ ಎಂದು ಸುಮ್ಮನಿರಬಹುದು. ಪ್ರತಿ ಸಲವೂ ಒಂದೊಂದು ಸುತ್ತು ಪಣ. ನಮ್ಮ ಪಣ ಎಂದರೆ ಸಾರು ತಿಂದು ಬಿಸಾಕಿದ ಬಳಚಿನ ಚಿಪ್ಪು, ತೊಳೆದು ಒಣಗಿಸಿದ್ದು. ಕಡೆಗೆ ಎಲೆ ತೋರಿಸುವಾಗ ನಾಲ್ಕು ಮನೆಯ ನಾಲ್ಕು ಬೇರೆ ಬೇರೆ ಅಂಕಿ ಇದ್ದವರದು ಪೂರ್ತಿ ಪಂಕ್ತಿ. ಒಂದೇ ಮನೆಯ ಎರಡೆಲೆ ಉಳಿದಿದ್ದರೆ ಒಂದು ಲೆಕ್ಕಕ್ಕಿಲ್ಲ, ಮೂರೇ ಎಲೆಯ ಪಂಕ್ತಿ. ಮೂರರದು ಎಷ್ಟೇ ಸಣ್ಣದಿದ್ದರೂ ನಾಲ್ಕರ ಮುಂದೆ ಸೋತಂತೆ. ಇಬ್ಬರದೂ ನಾಲ್ಕಾದರೆ, ಯಾರ ಕೈಯ ದೊಡ್ಡ ಎಲೆ ಸಣ್ಣದೋ ಅವರು ಗೆದ್ದರು. ಏಳರೊಳಗೆ ಮುಗಿಸಿದವನು ಎಂಟರೊಳಗೆ ಮುಗಿಸಿದವನನ್ನು ಹೊಡೆಯುತ್ತಾನೆ.

ಹೇಳುವುದು ಸುಲಭ, ಬಿಸಾಕುವುದು ಕಷ್ಟ. ಸತೀಶಣ್ಣನಿಗೆ ರಾಜನನ್ನು ಬಿಸಾಕಲು ಕೈಯೇ ಬರುತ್ತಿರಲಿಲ್ಲ. "ಬಂದ ರಾಜನ ಹೆಂಗೆ ದೂಡೂದು ದಾದಾ?" ಎಂದು ಕೊನೆಯ ಸುತ್ತಿನವರೆಗೂ ಹಿಡಿದುಕೊಂಡು ಸೋಲುತ್ತಿದ್ದ. ನಾನು ಮಾತ್ರ ಗೆಲ್ಲುತ್ತಿದ್ದೆ. ದಿನಕ್ಕೆ ಒಂದಾದರೂ ಆಟ ಗೆಲ್ಲುತ್ತಿದ್ದೆ, ಅದೂ ಹೆಚ್ಚಾಗಿ ಒಂದೇ ಕೈಯಲ್ಲಿ: ಇಸ್ಪೀಟಿನ ಎಕ್ಕಾ, ಆಟೀನಿನ ಎರಡು, ಕಳಾವರದ ನಾಲ್ಕು, ಡೈಮನ್ನಿನ ಐದು. ಆ ನಾಲ್ಕನ್ನು ನಾನು ನನ್ನ ಎಲೆಗಳು ಎಂದೇ ಕರೆಯುತ್ತಿದ್ದೆ. ನನಗಿಂತ ಚುರುಕಿನ ಹುಡುಗಿ ಅರ್ಗಾದಲ್ಲೇ ಇಲ್ಲ ಎಂದು ನನ್ನ ಅಂದಾಜು. ನನಗೆ ಮದುವೆಯಾಗಿ ಅಂಕೋಲೆಗೆ ಬರುವವರೆಗೂ, ದಾದಾ ರಜೆಗೆ ಬಂದಾಗಲೆಲ್ಲ ಈ ಆಟ ನಡೆಯಿತು.

ಇನ್ನು ಮಣೆಯ ವಿಷಯ. ನಮ್ಮ ಕಡೆ ಗಣಪತಿಯನ್ನು ಪೇಟೆಯಿಂದ ಕೊಂಡು ತರುವುದಿಲ್ಲ. ಪ್ರತಿ ಮನೆತನಕ್ಕೂ ಅದರದೇ ಒಂದು ಮಣೆ ಇರುತ್ತದೆ. ನಾಗರಪಂಚಮಿಯೊಳಗೆ ಆ ಮಣೆ ಮೂರ್ತಿ ಮಾಡುವವರ ಮನೆ ಸೇರಬೇಕು, ಅದರ ಮೇಲೆಯೇ ಅವರು ಮಣ್ಣು ಕೂರಿಸಿ ಮೂರ್ತಿ ಎಬ್ಬಿಸುತ್ತಾರೆ. ಚವತಿಯ ದಿನ ಗಣಪತಿ ಆ ಮಣೆಯ ಮೇಲೆ ಮನೆಗೆ ಬರುತ್ತಾನೆ, ಮುಳುಗಿಸಿದ ಮೇಲೆ ಮಣೆ ಮಾತ್ರ ವಾಪಸು. ಅಣ್ಣತಮ್ಮಂದಿರು ಎಷ್ಟು ಕಡೆ ಚದುರಿದ್ದರೂ ಮಣೆ ಒಂದೇ, ಮಣೆ ಇರುವ ಮನೆಯೇ ಮೂಲಮನೆ, ಚವತಿಗೆ ಎಲ್ಲರೂ ಅಲ್ಲಿಗೇ ಬರಬೇಕು. ನಮ್ಮದು ಅಜ್ಜನ ಕಾಲದ ಹಲಸಿನ ಮಣೆ, ಒಂದು ಮೂಲೆ ಸ್ವಲ್ಪ ಸೀಳಿದೆ.

೧೯೯೯ರ ಬೇಸಿಗೆಯಲ್ಲಿ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟು ಅರ್ಗಾದ ಮನೆ ಖಾಲಿ ಮಾಡಿದೆವು. ಆಯಿ, ಬಾಬಾ ಅಷ್ಟರಲ್ಲಿ ಇರಲಿಲ್ಲ, ಅದೇ ಒಂದು ಪುಣ್ಯ. ಸತೀಶಣ್ಣ ಕಾರವಾರ ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದ, ಅಮದಳ್ಳಿಯ ಹತ್ತಿರ ಮನೆ ಕಳೆದುಕೊಂಡವರ ಕಾಲನಿಯಲ್ಲಿ ಸಿಕ್ಕಿದ ಜಾಗದಲ್ಲಿ ಮನೆ ಕಟ್ಟಿದ. ದಾದಾ ಹಣಕೋಣಕ್ಕೆ ಹೋದ. ಹಣಕೋಣ ಅವನ ಹೆಂಡತಿ ಗಂಗೂ ವೈನಿಯ ತವರೂರು. ಅವಳ ಪಾಲಿಗೆ ನಾಲ್ಕು ಗುಂಟೆ ಜಾಗವಿತ್ತು, ಅದರಲ್ಲಿ ಕಟ್ಟಿಕೊಂಡರು.

ಸಾಮಾನು ಎತ್ತಿದ ದಿನ ಎಲ್ಲ ಸರಿಯಾಗಿಯೇ ನಡೆದಿತ್ತು. ಹಂಡೆ, ಒರಳು, ಮಂಚ ಎಲ್ಲ ಮಾತಿಲ್ಲದೆ ಪಾಲಾದವು. ಕೊನೆಗೆ ದೇವರ ಕೋಣೆಯ ಮಣೆಗೆ ಇಬ್ಬರೂ ಒಟ್ಟಿಗೇ ಕೈ ಹಾಕಿದರು.

"ಹಿರಿಯವ ನಾನು. ಮಣೆ ನಂದು," ಎಂದ ದಾದಾ.

"ಹೆಂಡ್ತಿ ತವರಿಗೆ ನಮ್ಮನೆ ಗಣಪತಿ ಹೊತ್ಕಂಡು ಹೋಗ್ತಿಯಾ? ನಾಳೆ ಜನ ಎಂಥ ಅಂತಾರೆ?" ಎಂದ ಸತೀಶಣ್ಣ.

"ನಿನ್ನ ಕಾಲನಿ ಮನೆ ಎಷ್ಟು ದಿನದ್ದೋ ಯಾರು ಬಲ್ಲರು? ಒಂದ್ಸಲ ಏಳಿ ಅಂದವ್ರು ಇನ್ನೊಂದ್ಸಲ ಅನ್ನೂದಿಲ್ವಾ?"

ಮಾತಿಗೆ ಮಾತು ಬೆಳೆಯಿತು. ಸತೀಶಣ್ಣ ವೈನಿಯ ಹೆಸರು ಹಿಡಿದು ಆಡಬಾರದ್ದನ್ನು ಆಡಿದ, ದಾದಾ ಜೀವನದಲ್ಲಿ ಮೊದಲ ಸಲ ಜೋರಾಗಿ ಕೂಗಿದ. ನಾನು ಇಬ್ಬರ ಕೈಯಿಂದಲೂ ಮಣೆ ಕಸಿದುಕೊಂಡೆ. "ಇಬ್ರಿಗೂ ಬುದ್ಧಿ ಬರೂ ತನಕ ಇದು ನನ್ನ ಹತ್ರ ಇರ್ತದೆ," ಎಂದು ಅಂಕೋಲೆಯ ಬಸ್ಸು ಹತ್ತಿದೆ. ತೊಡೆಯ ಮೇಲೆ ಮಣೆ ಇಟ್ಟುಕೊಂಡು ಕೂತವಳನ್ನು ನೋಡಿ ಕಂಡಕ್ಟರ್ ಲಗೇಜು ಟಿಕೇಟು ಕೇಳಿದ. ಅವನಿಗೂ ಬೈದೆ.

ಬುದ್ಧಿ ಬರಲಿಲ್ಲ. ಆರು ಚವತಿ ಹೋದವು. ಮಣೆ ನನ್ನ ಅಟ್ಟದ ಮೇಲೆ ಅಕ್ಕಿ ಡಬ್ಬಿಯ ಪಕ್ಕ ಹಳೆಯ ಸೀರೆ ಸುತ್ತಿಕೊಂಡು ಕೂತಿತ್ತು. ಇಬ್ಬರ ಮನೆಯಲ್ಲೂ ಗಣಪತಿ ಇಲ್ಲ, ಗೋಡೆಯ ಫೋಟೋಕ್ಕೆ ಹೂವು ಅಷ್ಟೇ. ಮಾತಿಲ್ಲ, ಕತೆಯಿಲ್ಲ. ಮತ್ತೆ ನನ್ನ ಪಾಡು? ಮದುವೆಯಾಗಿ ಹೋದ ಹೆಣ್ಣುಮಕ್ಕಳು ಗಂಡನ ಮನೆಯ ಚವತಿ ಮುಗಿಸಿ ಮರುದಿನ ತವರಿಗೆ ಹೋಗುತ್ತಾರೆ. ಓಣಿಯ ಹೆಂಗಸರೆಲ್ಲ ಹೊಸ ಸೀರೆ ಉಟ್ಟು ಬಸ್‌ಸ್ಟ್ಯಾಂಡಿಗೆ ಹೋಗುವಾಗ ನಾನು ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿದ್ದೆ. ದಾದಾನ ಮನೆಗೆ ಹೋದರೆ ಸತೀಶಣ್ಣನಿಗೆ ಸಿಟ್ಟು, ಸತೀಶಣ್ಣನ ಮನೆಗೆ ಹೋದರೆ ವೈನಿಗೆ ಬೇಸರ. ಇಬ್ಬರು ಅಣ್ಣಂದಿರಿದ್ದೂ ನನಗೆ ತವರಿರಲಿಲ್ಲ. ಹೇಳಿಕೊಳ್ಳಲೂ ನಾಚಿಕೆ.

ದಾದಾ ಆ ಹೊತ್ತಿಗೆ ಹಡಗು ಬಿಟ್ಟು ಮನೆಯಲ್ಲೇ ಇದ್ದ. ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದ. "ಬಾ ಜಯಾ, ಒಂದ್ಸಲ ಬಂದು ಹೋಗು," ಎಂದು ಕರೆದಾಗಲೆಲ್ಲ ನಾನು, "ಹಣಕೋಣಕ್ಕೆ ಯಾರು ಬರ್ತಾರೆ ಮಾರಾಯಾ? ಕಾರವಾರಕ್ಕೊಂದು ಬಸ್ಸು, ಅಲ್ಲಿ ಇಳ್ದು ಕಾಳಿ ನದಿ ದಾಟೂಕೆ ಇನ್ನೊಂದು. ಸತೀಶಣ್ಣಂದಾದ್ರೆ ರಸ್ತೆ ಮೇಲೇ ಮನೆ," ಎಂದು ಚುಚ್ಚುತ್ತಿದ್ದೆ. ಅವನು ನಗುತ್ತಿದ್ದ.

೨೦೦೫ರ ಆಷಾಢದಲ್ಲಿ ಅಟ್ಟದ ಸಾಮಾನು ತೆಗೆದು ಒರೆಸುವಾಗ ನೋಡಿದೆ, ಮಣೆಯ ಸೀಳಿದ ಮೂಲೆಗೆ ಗೆದ್ದಲು ಹಿಡಿಯಲು ಶುರುವಾಗಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಬ್ಬರಿಗೂ ಫೋನು ಮಾಡಿ ಒಂದೇ ಮಾತು ಹೇಳಿದೆ: "ಬರೂ ಆಯ್ತವಾರ ಮಧ್ಯಾಹ್ನ ನಮ್ಮನೆಗೆ ಊಟಕ್ಕೆ ಬನ್ನಿ. ಬಂದು ಮಣೆ ವಿಷ್ಯ ಮುಗಸ್ಕಂಡು ಹೋಗಿ. ಬರ್ಲಿಲ್ಲಾ ಅಂದ್ರೆ ನಾನು ಅದ್ರ ಮೇಲೆ ಕೂತ್ಕಂಡು ಮೀನು ಸಾರು ಉಣ್ತೆ."

ಇಬ್ಬರೂ ಬಂದರು. ದಾದಾನ ಜೊತೆ ವೈನಿಯೂ ಬಂದಳು. ಆಷಾಢದ ಮಳೆ ಜೋರಾಗಿ ಹೊಡೆಯುತ್ತಿತ್ತು. ಊಟದ ತುಂಬ, "ಪಲ್ಯ ಕೊಡು", "ಸಾಕು" ಎಂಬ ಎರಡೇ ಮಾತು. ಕೈ ತೊಳೆದು ಬಂದ ಮೇಲೆ ನಾನು ಮಣೆ ತಂದು ನಡುಮನೆಯಲ್ಲಿ ಇಟ್ಟೆ. ಯಾರೂ ಅದನ್ನು ಮುಟ್ಟಲಿಲ್ಲ. ಆಗ ದಾದಾ ತನ್ನ ಚೀಲದಿಂದ ಆ ತಗಡಿನ ಡಬ್ಬಿ ತೆಗೆದ. ಮೂವತ್ತು ವರ್ಷದ ಹಳೆಯ ಕಟ್ಟು, ನೀಲಿ ಹಡಗೆಲ್ಲ ಸವೆದು ಬಿಳಿಯಾಗಿತ್ತು.

"ಮಾತಾಡಿ ಇದು ಮುಗ್ಯೂದಲ್ಲ. ಒಂದೇ ಒಂದು ಆಟ ಆಡ್ವ. ಗೆದ್ದವ್ರದ್ದು ಮಣೆ," ಎಂದ.

ಸತೀಶಣ್ಣ ನಕ್ಕ. "ಆಟ ನೀ ಕಲ್ಸಿದ್ದು, ಎಲೆ ನಿಂದು. ನಾ ಗೆಲ್ಲೂದು ಹೌದಾ?"

"ಎಲೆಗೆ ಯಾರದ್ದು ಅಂತ ಗೊತ್ತಿರೂದಿಲ್ಲ. ನೀ ಬೇಕಾದ್ರೆ ಕಲಸು. ಜಯಾನೂ ಕೂರ್ಲಿ. ಇಬ್ರೇ ಆಡಿದ್ರೆ ಅದು ಜಗಳದ ಹಂಗೇ ಇರ್ತದೆ. ಮೂರು ಜನ ಇದ್ರೆ ಆಟ ಆಗ್ತದೆ, ಅರ್ಗಾದ ಜಗಲಿ ಮೇಲೆ ಆಡ್ದಾಂಗೆ."

ಸತೀಶಣ್ಣ ಒಪ್ಪಿದ. ಹೆಣ್ಣುಮಗಳು ಕೂತರೆ ಏನು, ಬಿಟ್ಟರೆ ಏನು ಎಂಬುದು ಅವನ ಲೆಕ್ಕ. ಮದುವೆಯಾಗಿ ಬೇರೆ ಮನೆ ಸೇರಿದವಳಿಗೆ ಗಣಪತಿಯ ಮಣೆ ಹೋಗುವ ಪದ್ಧತಿಯೇ ಇಲ್ಲ. ನನಗೂ ಅದೇ ಅನಿಸಿತ್ತು, ಸುಳ್ಳೇಕೆ ಹೇಳಲಿ. ಪಂಕ್ತಿ ತುಂಬಿಸಲು ಕರೆದಂತೆ ಕರೆದರು, ಹೋಗಿ ಕೂತೆ.

ಸತೀಶಣ್ಣ ಕಲಸಿ ಕೊಟ್ಟ. ದಾದಾ ಕಟ್ಟನ್ನು ಕೈಗೆ ತೆಗೆದುಕೊಂಡು ತಾನೂ ನಾಲ್ಕು ಸಲ ಕಲಸಿ ಹಂಚಿದ. ಗಂಗೂ ವೈನಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳಿಗೆ ಆಟ ಬರುವುದಿಲ್ಲ, ಆದರೂ ಗಂಡನ ಬೆರಳನ್ನೇ ನೋಡುತ್ತಿದ್ದಳು.

ನನಗೆ ಬಂದದ್ದು ಇಸ್ಪೀಟಿನ ಎಕ್ಕಾ, ಕಳಾವರದ ನಾಲ್ಕು, ಕಳಾವರದ್ದೇ ಒಂಬತ್ತು, ಡೈಮನ್ನಿನ ರಾಜ. ಒಂಬತ್ತು ಮತ್ತು ರಾಜನನ್ನು ಎಸೆದೆ. ಆಟೀನಿನ ಎರಡು ಬಂತು, ಕಳಾವರದ ಎಂಟು ಬಂತು. ಕಳಾವರ ಮತ್ತೆ ಎರಡಾಯಿತು. ಎರಡನೇ ಸಲ ಎಂಟನ್ನು ಎಸೆದರೆ ಆಟೀನಿನ ರಾಣಿ ಬಂದಳು. ಈಗ ಆಟೀನು ಎರಡು. ಅತ್ತ ಸತೀಶಣ್ಣ ಮೊದಲ ಸುತ್ತಿನಲ್ಲೇ ಪಟಪಟ ಎಂದು ಮೂರು ಎಲೆ ಬಿಸಾಕಿದ, ಅದರಲ್ಲಿ ಎರಡು ರಾಜ. ಐವತ್ತು ಹತ್ತಿರ ಬಂದಾಗ ಅವನಿಗೆ ರಾಜನನ್ನು ಬಿಸಾಕುವುದು ಬಂದಿತ್ತು. ಎರಡನೇ ಸಲ ಒಂದು ಬದಲಿಸಿದ. ದಾದಾ ಎರಡು ಸಲವೂ ಒಂದೊಂದೇ ಬದಲಿಸಿದ.

ಮೂರನೇ ಸಲ. ಸತೀಶಣ್ಣ, "ನಂಗೆ ಬೇಡ," ಎಂದು ಎಲೆಗಳನ್ನು ಮಂಡಿಯ ಮೇಲೆ ಮಗುಚಿಟ್ಟ. ದಾದಾನೂ, "ನಂಗೂ ಸಾಕು," ಎಂದ. ನಾನು ರಾಣಿಯನ್ನು ಎಸೆದೆ. ದಾದಾ ಒಂದು ಎಲೆ ಜಾರಿಸಿದ.

ಡೈಮನ್ನಿನ ಐದು.

ನನ್ನ ಎಲೆಗಳು. ಹನ್ನೊಂದು ವರ್ಷದ ಜಯಂತಿಯ ಅದೇ ನಾಲ್ಕು ಎಲೆ. ತೋರಿಸಲೇ, ಸೋತೆ ಎಂದು ಮಗುಚಿಡಲೇ? ನಾನು ಗೆದ್ದು ಏನು ಮಾಡುವುದು? ಇದು ಅವರಿಬ್ಬರ ಆಟ, ನಾನು ನಡುವೆ ಕೂತವಳು.

ಸತೀಶಣ್ಣ ತೋರಿಸಿದ: ಆಟೀನಿನ ಎಕ್ಕಾ, ಕಳಾವರದ ಮೂರು, ಇಸ್ಪೀಟಿನ ಆರು, ಡೈಮನ್ನಿನ ಎಂಟು. ಎಂಟರ ಪೂರ್ತಿ ಪಂಕ್ತಿ. ಅವನ ಮುಖ ಅರಳಿತ್ತು. ದಾದಾ ತೋರಿಸಿದ: ಡೈಮನ್ನಿನ ಎರಡು, ಆಟೀನಿನ ಮೂರು, ಇಸ್ಪೀಟಿನ ನಾಲ್ಕು, ಕಳಾವರದ ಆರು. ಆರರ ಪಂಕ್ತಿ. ಸತೀಶಣ್ಣನ ಮುಖ ಇಳಿದುಹೋಯಿತು. ಅವನು ಎದ್ದೇಬಿಟ್ಟ. "ಆಯ್ತಲ್ಲ. ತಗಂಡ್ಹೋಗು. ನಂಗೆ ಮೊದ್ಲೇ ಗೊತ್ತಿತ್ತು," ಎಂದು ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದ. ಈಗ ಹೋದರೆ ಇವನು ಇನ್ನು ಬರುವುದಿಲ್ಲ ಎಂದು ನನಗೆ ಗೊತ್ತಾಯಿತು.

ನಾನು ನಾಲ್ಕು ಎಲೆಗಳನ್ನೂ ಮಣೆಯ ಮೇಲೆ ಹರಡಿದೆ. ಐದು.

"ಏ, ನಿಂದು ಲೆಕ್ಕಕ್ಕಿಲ್ಲ ಮಾರಾಯ್ತಿ," ಎಂದ ಸತೀಶಣ್ಣ. "ನೀ ಸುಮ್ನೆ ಕೂತದ್ದು."

ಅಷ್ಟು ಸಾಕಾಯಿತು ನನಗೆ. "ಲೆಕ್ಕಕ್ಕಿಲ್ದವಳ ಅಟ್ಟದ ಮೇಲೆ ಆರು ವರ್ಷ ಮಣೆ ಹೆಂಗೆ ಇತ್ತೋ? ಅದ್ರ ಗೆದ್ದಲು ಕೊಡವಿದವಳು ಯಾರೋ? ನಿಮ್ಮಿಬ್ರ ಗಂಡಸ್ತನದಲ್ಲಿ ನನ್ನ ತವರು ಹೋಯ್ತಲ್ಲ, ಅದು ಯಾರ ಲೆಕ್ಕಕ್ಕೆ ಬರ್ತದೋ? ಚವತಿ ದಿನ ನಾ ಬಾಗ್ಲು ಹಾಕ್ಕಂಡು ಅತ್ತದ್ದು ನಿಮ್ಗೆ ಗೊತ್ತದೆಯಾ?" ಕೂಗುತ್ತ ಕೂಗುತ್ತ ಅಳುವೇ ಬಂದುಬಿಟ್ಟಿತು. ಟೀಚರು ಎಂಬ ಮರ್ಯಾದೆಯೂ ಉಳಿಯಲಿಲ್ಲ, ಸೆರಗಿನಿಂದ ಮೂಗು ಒರೆಸಿಕೊಂಡೆ. ಸತೀಶಣ್ಣ ಮೆಲ್ಲಗೆ ಮತ್ತೆ ಕೂತ.

"ಎಲೆ ಬಿದ್ದ ಮೇಲೆ ಮಾತಿಲ್ಲ. ಜಯಾ ಗೆದ್ದಳು," ಎಂದ ದಾದಾ. "ಅವಳ ಮನೇಲಿ ಗಂಡನ ಕಡೆ ಗಣಪತಿ ಅದೆ, ಅಲ್ಲಿಗೆ ಒಯ್ಯೂಕೆ ಬರೂದಿಲ್ಲ. ಎಲ್ಲಿ ಕೂರಬೇಕು ಅಂತ ಅವಳೇ ಹೇಳ್ಲಿ. ಹೇಳಿದ್ದಕ್ಕೆ ನಾವಿಬ್ರೂ ಹೂಂ ಅನ್ಬೇಕು."

ಮೂವರೂ ನನ್ನನ್ನು ನೋಡಿದರು. ನಾನು ವೈನಿಯನ್ನು ನೋಡಿದೆ. ದಾದಾನಿಗೂ ವೈನಿಗೂ ಮಕ್ಕಳಿಲ್ಲ. ಸತೀಶಣ್ಣನಿಗೆ ನಿತೇಶ ಇದ್ದಾನೆ, ನಿಶಾ ಇದ್ದಾಳೆ. ಮಣೆ ಹಣಕೋಣಕ್ಕೆ ಹೋದರೆ ದಾದಾನ ನಂತರ ಮತ್ತೆ ಇದೇ ಜಗಳ, ಮತ್ತೆ ಯಾವುದೋ ಅಟ್ಟ. ಇದು ನನಗೆ ಆ ಕ್ಷಣದಲ್ಲಿ ಹೊಳೆದದ್ದಲ್ಲ, ಆರು ವರ್ಷದಿಂದ ಗೊತ್ತಿದ್ದದ್ದು. ಆದರೆ ಅದನ್ನು ಬಾಯಿ ಬಿಟ್ಟು ಆಡುವುದು ಹೇಗೆ? ಬಾಗಿಲಲ್ಲಿ ನಿಂತ ಆ ಹೆಂಗಸಿನ ಮುಂದೆ, ನಿನ್ನ ಮನೆಯಲ್ಲಿ ಮಕ್ಕಳಿಲ್ಲ, ಅದಕ್ಕೆ ಗಣಪತಿಯೂ ಬೇಡ ಎಂದು ಯಾವ ಬಾಯಲ್ಲಿ ಹೇಳಲಿ?

"ಸತೀಶಣ್ಣನ ಮನೆ," ಎಂದೆ.

"ಎಂಥಕ್ಕೆ?" ಎಂದ ಸತೀಶಣ್ಣನೇ, ನಂಬಲಾಗದೆ.

ಬಾಯಿಗೆ ಬಂದದ್ದನ್ನು ಹೇಳಿದೆ. "ಅಂಕೋಲೆಯಿಂದ ಒಂದೇ ಬಸ್ಸು. ಹಣಕೋಣಕ್ಕಾದ್ರೆ ಎರಡು. ಚವತಿ ಮರುದಿನ ಕಾರವಾರ ಸ್ಟ್ಯಾಂಡಿನ ರಶ್ಶಲ್ಲಿ ನಾ ಹೊಸ ಸೀರೆ ಹರ್ಕೊಳ್ಳೂಕೆ ತಯಾರಿಲ್ಲ."

ಮೊದಲು ನಕ್ಕವಳು ಗಂಗೂ ವೈನಿ. "ಅಯ್ಯ ನಿನ್ನ! ಬಸ್ಸಿನ ದೆಸೆಯಿಂದ ಗಣಪತಿ ಎತ್ತಿ ಹಾಕ್ದ್ಯಲ್ಲೇ!" ಎಂದು ಬಾಯಿಗೆ ಸೆರಗು ಹಿಡಿದಳು. ದಾದಾ ನಕ್ಕ, ಸತೀಶಣ್ಣನೂ ನಕ್ಕ. ಆರು ವರ್ಷದ ಮೇಲೆ ಒಂದೇ ಮನೆಯೊಳಗೆ ಮೂವರೂ ನಕ್ಕದ್ದು. ಸಂಜೆ ಸತೀಶಣ್ಣ ಮಣೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಹೊರಡುವಾಗ ದಾದಾನ ಕಾಲು ಮುಟ್ಟಿದ. "ಚವತಿಗೆ ಅಡಿಗೆ ನೀನೇ ಮಾಡ್ಬೇಕು," ಎಂದ. ಮಾಡದೆ ಬಿಡುತ್ತಾನೆಯೇ? ಆ ವರ್ಷವೂ, ಮುಂದಿನ ಮೂರು ವರ್ಷವೂ ದಾದಾ ಎರಡು ದಿನ ಮೊದಲೇ ತನ್ನ ಸೌಟು, ಚಟ್ಟುಗದೊಂದಿಗೆ ಕಾಲನಿಯ ಮನೆ ಸೇರುತ್ತಿದ್ದ. ನಾನು ಮರುದಿನ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆ. ಅರಿಶಿನದೆಲೆಯಲ್ಲಿ ಬೇಯಿಸಿದ ಅವನ ಕೈಯ ಸಿಹಿ ಪಾತೋಳಿ ತಿಂದ ಮೇಲೆ ನಾವು ಮೂವರೂ ಒಂದು ಕೈ ಸಣ್ಣೆಲೆ ಆಡುತ್ತಿದ್ದೆವು. ನಾನು ಗೆದ್ದದ್ದೇ ಹೆಚ್ಚು.

ಹೋದ ವರ್ಷ ಅವನು ಊಟಕ್ಕೆ ಕೂತವನು ಹಾಗೆಯೇ ಪಕ್ಕಕ್ಕೆ ಒರಗಿದ. ಐವತ್ತೆಂಟು, ಅದೇನು ಹೋಗುವ ವಯಸ್ಸೇ? ದಿನಕರ್ಮವೆಲ್ಲ ಮುಗಿದ ಮೇಲೆ ವೈನಿ ಆ ತಗಡಿನ ಡಬ್ಬಿ ತಂದು ನನ್ನ ಕೈಗೆ ಕೊಟ್ಟಳು. "ಇದು ನಿಂಗೇ ಇರ್ಲಿ," ಎಂದಳು.

ಡಬ್ಬಿಯನ್ನು ತಿಂಗಳುಗಟ್ಟಲೆ ತೆರೆಯಲಿಲ್ಲ. ಈ ವರ್ಷ ಬೇಸಿಗೆ ರಜೆಯಲ್ಲಿ ಒಂದು ಮಧ್ಯಾಹ್ನ ತೆರೆದು, ಎಲೆಗಳನ್ನು ಒಂದೊಂದಾಗಿ ಬಟ್ಟೆಯಿಂದ ಒರೆಸುತ್ತಿದ್ದೆ. ಹೆಬ್ಬೆರಳಿಗೆ ಏನೋ ತಾಗಿತು. ಒಂದು ಎಲೆಯ ಬೆನ್ನ ಮೇಲೆ, ಮೂಲೆಗೆ, ಉಗುರಿನಲ್ಲಿ ಒತ್ತಿದ ಸಣ್ಣ ಗೀರು. ಕಣ್ಣಿಗೆ ಸುಲಭಕ್ಕೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ತಿರುಗಿಸಿ ನೋಡಿದೆ, ಇಸ್ಪೀಟಿನ ಎಕ್ಕಾ. ಉಳಿದದ್ದನ್ನು ಹುಡುಕಿದೆ. ಆಟೀನಿನ ಎರಡರ ಮೇಲಿದೆ. ಕಳಾವರದ ನಾಲ್ಕರ ಮೇಲಿದೆ. ಡೈಮನ್ನಿನ ಐದರ ಮೇಲಿದೆ. ಐವತ್ತೆರಡು ಎಲೆಯಲ್ಲಿ ಬೇರೆ ಯಾವುದರ ಮೇಲೂ ಇಲ್ಲ. ಬಿಸಿಲಿಗೆ ಹಿಡಿದು ನೋಡಿದರೆ ಗೀರಿನೊಳಗೆ ಮೂವತ್ತು ವರ್ಷದ ಕೊಳೆ ಕಪ್ಪಗೆ ಕೂತಿತ್ತು.

ಅಂದರೆ ನಾನು ಚುರುಕಿನ ಹುಡುಗಿ ಆಗಿರಲೇ ಇಲ್ಲ. ಸೋತರೆ ಜಗಲಿಯಲ್ಲಿ ಬಿದ್ದು ಹೊರಳಾಡಿ ಅಳುವ ತಂಗಿ, ಅವಳಿಗೆ ದಿನಕ್ಕೊಂದು ಆಟವಾದರೂ ಸಿಗಲಿ ಎಂದು ದಾದಾ ಬೆರಳಲ್ಲಿ ಹುಡುಕಿ ಹುಡುಕಿ ಆ ನಾಲ್ಕನ್ನು ನನ್ನ ಕಡೆ ಜಾರಿಸುತ್ತಿದ್ದ. ಅವತ್ತು ನಮ್ಮ ನಡುಮನೆಯಲ್ಲೂ ಜಾರಿಸಿದ. ತನಗೆ ಆರು ಇಟ್ಟುಕೊಂಡು ನನಗೆ ಐದು ಕೊಟ್ಟ. ನಾನು ಬಸ್ಸಿನ ಮಾತು ಎತ್ತುತ್ತೇನೆ ಎಂದು ಅವನಿಗೆ ಗೊತ್ತಿತ್ತು, ವರ್ಷಗಟ್ಟಲೆ ಫೋನಿನಲ್ಲಿ ಅದನ್ನೇ ಕೇಳಿದ್ದನಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮರುದಿನವೇ ಡಬ್ಬಿ ಹಿಡಿದುಕೊಂಡು ಹೊರಟೆ. ಎರಡು ಬಸ್ಸು, ಹೌದು, ಎರಡೂ ಹತ್ತಿದೆ.

ಗಂಗೂ ವೈನಿ ಅಂಗಳದಲ್ಲಿ ಕೋಕಂ ಸಿಪ್ಪೆ ಒಣಗಿಸುತ್ತಿದ್ದಳು. ಎಲೆಗಳನ್ನು ಅವಳ ಮುಂದೆ ಹಿಡಿದು ಗೀರು ತೋರಿಸಿದೆ. "ನೋಡು ವೈನಿ ನಿನ್ನ ಗಂಡನ ಕೆಲ್ಸ. ಅವತ್ತು ಬೇಕಂತ್ಲೇ ನನ್ನ ಗೆಲ್ಸಿದ್ದ. ಮಣೆ ಬೇಕಂತ್ಲೇ ಬಿಟ್ಟುಕೊಟ್ಟ."

ಅವಳು ಮುಟ್ಟಿ ನೋಡಲೇ ಇಲ್ಲ. "ಗೊತ್ತದೆ," ಎಂದಳು.

"ಗೊತ್ತದೆಯಾ? ಹೆಂಗೆ?"

"ನಿಮ್ಮನೆಗೆ ಬರೂಕಿಂತ ಮೊದ್ಲು ಒಂದು ವಾರ, ಮಧ್ಯಾಹ್ನ ನಾ ಮಲಗಿದ್ದೆ ಅಂತ ತಿಳ್ಕಂಡು, ಜಗಲಿಲಿ ಕೂತು ಎಲೆ ಹಂಚಿ ಹಂಚಿ ನೋಡ್ತಿದ್ರು. ಮೂರು ಪಾಲು. ಪ್ರತಿ ಸಲ ನಡುವಿನ ಪಾಲು ಮಗುಚಿ ನೋಡೂದು, ತಲೆ ಆಡ್ಸೂದು. ನಂಗೆ ಆಟ ಬರೂದಿಲ್ಲ ಜಯಂತಿ, ಆದ್ರೆ ನಡುವೆ ಕೂರೂದು ನೀನು ಅಂತ ತಿಳೀದಷ್ಟು ದಡ್ಡಿ ಅಲ್ಲ."

"ಮತ್ತೆ ಸುಮ್ನಿದ್ಯಲ್ಲ ನೀನು! ಮಣೆ ನಿನ್ನ ಮನೆಗೆ ಬರ್ತಿತ್ತು."

ವೈನಿ ಕೋಕಂ ಸಿಪ್ಪೆ ಹರಡುವುದನ್ನು ನಿಲ್ಲಿಸಲಿಲ್ಲ. "ಮಕ್ಕಳಿದ್ದ ಮನೇಲಿ ಗಣಪತಿ ಕೂರ್ಲಿ ಅಂತ ನಂಗೂ ಅನ್ಸಿತ್ತು. ನಾ ಬಾಯಿಬಿಟ್ಟು ಹೇಳಿದ್ರೆ ಅವರ ಮನ್ಸು ಮುರೀತಿತ್ತು. ಅವ್ರು ಹೇಳಿದ್ರೆ ನನ್ನ ಮನ್ಸು ಮುರೀತದೆ ಅಂತ ಅವ್ರಿಗೆ ಹೆದ್ರಿಕೆ. ಅದ್ಕೇ ಅಷ್ಟು ಕಷ್ಟಪಟ್ರು ಪಾಪ, ವಾರ ಪೂರ್ತಿ. ನಾನೂ ಬಾಗ್ಲಲ್ಲಿ ನಿಂತು ನಕ್ಕೆ. ನಂಗೆ ಗೊತ್ತದೆ ಅಂತ ಅವ್ರಿಗೆ ಕಡೇ ತನಕ ಗೊತ್ತಾಗ್ಲಿಲ್ಲ."

ನಾನು ಅಂಗಳದ ಕಟ್ಟೆಯ ಮೇಲೆ ಕೂತು ಎಲೆಗಳನ್ನು ಮತ್ತೆ ಕಟ್ಟು ಮಾಡಿದೆ. ವೈನಿ ಕೈ ಒರೆಸಿಕೊಂಡು ಬಂದು ನನ್ನ ಎದುರು ಕೂತಳು.

"ನಂಗೂ ಒಂದ್ಸಲ ಕಲ್ಸು ಅದನ್ನ. ಇಷ್ಟು ವರ್ಷ ಬರೀ ನೋಡಿದ್ದೇ ಆಯ್ತು."

ಎಲೆ ಕಲಸಿದೆ. ನಾಲ್ಕು ಮನೆ, ಮನೆಗೊಬ್ಬರೇ, ಆದಷ್ಟು ಸಣ್ಣವರು ಎಂದು ದಾದಾ ಹೇಳಿದಂತೆಯೇ ಹೇಳಿಕೊಟ್ಟೆ. ಹಂಚುವಾಗ ಹೆಬ್ಬೆರಳಿಗೆ ಆ ಗೀರು ತಾಗಿತು. ಅದು ನನ್ನ ಪಾಲಿಗೆ ಬರಬೇಕಾದ ಎಲೆ. ನಾನು ಅದನ್ನು ಅವಳ ಕಡೆ ಜಾರಿಸಿದೆ.

ವೈನಿ ಎಲೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ಇದು ಎಕ್ಕಾ ಅಲ್ದಾ? ಇದು ದೊಡ್ಡದಾ, ಸಣ್ಣದಾ?"

"ಎಲ್ಲಕ್ಕಿಂತ ಸಣ್ಣದು ವೈನಿ. ಬಿಸಾಕ್ಬೇಡ, ಇಟ್ಕೋ," ಎಂದೆ.